ದಿನಕ್ಕೆ ಹತ್ತು ಸಲ, ಈಗ ಹೇಗಿದ್ದೀರಿ?

ಈಚೆಗೆ ಡೌನ್‌ಲೋಡ್ ಮಾಡಿಕೊಂಡ ಒಂದು ಕಡತವನ್ನು ಮತ್ತೆ ಮತ್ತೆ ತೆರೆದು ನೋಡುತ್ತಿದ್ದೇನೆ. ಸಂಶೋಧಕರು ಎಲ್ಲರಿಗೂ ಮುಕ್ತವಾಗಿಟ್ಟಿರುವ ಆ ಕಡತದ ತುಂಬ ಬರೀ ಅಂಕಿಗಳು. ಆದರೆ ಅವು ಒಬ್ಬರೇ ಮನುಷ್ಯರ 239 ದಿನಗಳು.

ನೆದರ್‌ಲ್ಯಾಂಡ್ಸ್‌ನ ಅವರಿಗೆ ಆಗ 57 ವರ್ಷ. ಹಿಂದೆ ಖಿನ್ನತೆ ಕಾಡಿತ್ತು, ಮಾತ್ರೆ ನಡೆಯುತ್ತಿತ್ತು. 2012ರ ಆಗಸ್ಟ್‌ನಿಂದ ಮರುವರ್ಷದ ಏಪ್ರಿಲ್‌ವರೆಗೆ ಪುಟ್ಟ ಸಾಧನವೊಂದು ದಿನಕ್ಕೆ ಹತ್ತು ಸಲ, ಹೊತ್ತುಗೊತ್ತಿಲ್ಲದೆ ಸದ್ದು ಮಾಡಿ ಕೇಳುತ್ತಿತ್ತು: ಈ ಗಳಿಗೆಯಲ್ಲಿ ಮನಸ್ಸು ಕುಗ್ಗಿದೆಯೇ? ಒಂಟಿ ಅನಿಸುತ್ತಿದೆಯೇ? ಹಸಿವಾಗಿದೆಯೇ? ಅವರು ಉತ್ತರಿಸಿದ್ದು 1,470ಕ್ಕೂ ಹೆಚ್ಚು ಬಾರಿ. ಈ ನಡುವೆ ಮಾತ್ರೆಯ ಪ್ರಮಾಣ ಇಳಿಸಲಾಯಿತು. ಯಾವ ದಿನದಿಂದ ಎಂಬುದು ಆಗ ಅವರಿಗೂ ತಿಳಿದಿರಲಿಲ್ಲ, ಅಧ್ಯಯನ ನಡೆಸಿದವರಿಗೂ ತಿಳಿದಿರಲಿಲ್ಲ. ಅವಧಿಯ ನಡುಮಧ್ಯದಲ್ಲಿ ಖಿನ್ನತೆಯ ಲಕ್ಷಣಗಳು ಒಮ್ಮೆಲೇ ಏರಿದವು.

ಏರುವ ಮೊದಲೇ ಸುಳಿವಿತ್ತು ಎಂದು 2016ರಲ್ಲಿ ಸಂಶೋಧಕಿ ಮರೀಕೆ ವಿಖರ್ಸ್ ಮತ್ತು ಸಂಗಡಿಗರು ತೋರಿಸಿದರು. ಆವರಿಸಿದ ಬೇಸರ ಬೇಗ ಕರಗದೆ ಮುಂದಿನ ಗಳಿಗೆಗೂ ಉಳಿಯತೊಡಗಿತ್ತು. ತಿಳಿನೀರಿನ ಕೆರೆ ದಿಢೀರನೆ ಕೊಳೆಯುವ ಮುನ್ನ ಹೀಗೆಯೇ ಚೇತರಿಕೆ ನಿಧಾನವಾಗುತ್ತದೆ ಎಂಬ ಪರಿಸರ ವಿಜ್ಞಾನದ ಲೆಕ್ಕವನ್ನೇ ಅವರು ಮನಸ್ಸಿಗೆ ಹಚ್ಚಿದ್ದರು.

ಆಸ್ಪತ್ರೆಯಲ್ಲಿ ಖಿನ್ನತೆ ಅಳೆಯುವ ಪಿಎಚ್‌ಕ್ಯು-9 ಪ್ರಶ್ನಾವಳಿ ಕಳೆದ ಎರಡು ವಾರ ಹೇಗಿದ್ದವು ಎಂದು ಕೇಳುತ್ತದೆ. ಕುಗ್ಗಿದ ಮನಸ್ಸಿಗೆ ಎರಡೂ ವಾರ ಕತ್ತಲೆಯಾಗಿಯೇ ನೆನಪಾಗಬಹುದು. ಮಂಗಳವಾರ ಸಂಜೆ ಅರ್ಧ ಗಂಟೆ ಹಗುರವಾಗಿದ್ದದ್ದು ಲೆಕ್ಕಕ್ಕೇ ಬರುವುದಿಲ್ಲ. ಗಳಿಗೆಯಲ್ಲೇ ಕೇಳುವ ದಾರಿ ಹಳೆಯದು. 1970ರ ದಶಕದಲ್ಲಿ ಷಿಕಾಗೊದಲ್ಲಿ ಮನೋವಿಜ್ಞಾನಿ ಮಿಹಾಯ್ ಚಿಕ್‌ಸೆಂಟ್‌ಮಿಹಾಯ್ ಹದಿಹರೆಯದವರ ಕೈಗೆ ಪೇಜರ್ ಕೊಟ್ಟರು. 1994ರಲ್ಲಿ ಆರ್ಥರ್ ಸ್ಟೋನ್, ಸಾಲ್ ಶಿಫ್‌ಮನ್ ಈ ಬಗೆಯ ಅಳತೆಗೆ ಶಾಸ್ತ್ರದ ರೂಪ ಕೊಟ್ಟರು. ಮೊಬೈಲ್ ಅದನ್ನು ಎಲ್ಲರ ಜೇಬಿಗೆ ತಂದಿತು.

ಸ್ಟೋನ್ ಅವರ ಇನ್ನೊಂದು ಪ್ರಯೋಗವನ್ನು ಹೇಳದೆ ಮುಂದೆ ಹೋಗಲಾರೆ. ದೀರ್ಘಕಾಲದ ನೋವಿನಿಂದ ಬಳಲುವವರಿಗೆ ಕಾಗದದ ಡೈರಿ ಕೊಟ್ಟು ದಿನಕ್ಕೆ ಮೂರು ಹೊತ್ತು ತುಂಬಲು ಹೇಳಿದ್ದರು. ಡೈರಿಯೊಳಗೆ ಬೆಳಕು ಗ್ರಹಿಸುವ ಸಂವೇದಕವನ್ನು ಗುಟ್ಟಾಗಿ ಅಡಗಿಸಿದ್ದರು. ರಟ್ಟು ತೆರೆದರೆ ಸಮಯ ದಾಖಲಾಗುತ್ತಿತ್ತು. 2002ರಲ್ಲಿ ಪ್ರಕಟವಾದ ಫಲಿತಾಂಶ ನೋಡಿ. ಡೈರಿಯ ಪ್ರಕಾರ ಶೇ 90ರಷ್ಟು ನಮೂದುಗಳು ಹೊತ್ತಿಗೆ ಸರಿಯಾಗಿ ಆಗಿದ್ದವು. ಸಂವೇದಕದ ಪ್ರಕಾರ ಶೇ 11! ಸುಮಾರು ಮೂರರಲ್ಲೊಂದು ದಿನ ಡೈರಿ ತೆರೆದೇ ಇರಲಿಲ್ಲ. ಆ ದಿನಗಳ ಪುಟಗಳೂ ಬಹುಪಾಲು ತುಂಬಿದ್ದವು. ಸಮಯವನ್ನು ತಾನೇ ದಾಖಲಿಸುವ ವಿದ್ಯುನ್ಮಾನ ಡೈರಿ ಪಡೆದ ಗುಂಪಿನಲ್ಲಿ ಪಾಲನೆ ಶೇ 94ರಷ್ಟಿತ್ತು. ಆ ರೋಗಿಗಳನ್ನು ಸುಳ್ಳುಗಾರರೆನ್ನಲು ನನಗೆ ಮನಸ್ಸಿಲ್ಲ. ನೋವುಂಡವರಿಗೆ ಡಾಕ್ಟರ ಮುಂದೆ ಖಾಲಿ ಪುಟ ಇಡಲು ಸಂಕೋಚವಾಗುತ್ತದೆ.

ಆದರೂ ಎಚ್ಚರಿಕೆ ಬೇಕು. ಡಚ್ ಕಡತ ಒಬ್ಬರದ್ದು. ಮುಂದೆ ಹೆಚ್ಚು ಜನರನ್ನು ಹೀಗೆಯೇ ಗಮನಿಸಿದಾಗ ಆ ಮುನ್ಸೂಚನೆ ಅಷ್ಟು ಸ್ಪಷ್ಟವಾಗಿ ಸಿಗಲಿಲ್ಲ. ಸುಳಿವಿಲ್ಲದೆ ಕುಸಿದವರಿದ್ದರು, ಸುಳಿವು ಕಂಡೂ ಕುಸಿಯದವರಿದ್ದರು. ಹಾಗಾಗಿ ಖಿನ್ನತೆಯನ್ನು ಮೊದಲೇ ಹಿಡಿಯುತ್ತೇವೆ ಎನ್ನುವ ಆ್ಯಪ್‌ಗಳ ಮಾತು ನನಗೆ ನಂಬಿಕೆ ಹುಟ್ಟಿಸುವುದಿಲ್ಲ. ರಾತ್ರಿ ಎರಡಕ್ಕೆ ಒಬ್ಬರು ಅತಿ ಕೆಟ್ಟ ಅಂಕ ಒತ್ತಿದರೆ ಅದನ್ನು ಓದುವವರು ಯಾರು? ಆ್ಯಪ್ ತಯಾರಿಸಿದವರನ್ನು ಮೊದಲು ಕೇಳಬೇಕಾದ ಪ್ರಶ್ನೆ ಇದು. ಉತ್ತರ ಸಿಗುವವರೆಗೆ, ನಿಮ್ಹಾನ್ಸ್ ಸಮನ್ವಯದ ಟೆಲಿ ಮಾನಸ್ ಸಹಾಯವಾಣಿ 14416ರಲ್ಲಿ ಹಗಲಿರುಳೂ ಕನ್ನಡದಲ್ಲೇ ಮಾತನಾಡಬಹುದು.