ಕೆಂಪಿನ ಪಕ್ಕ ಕೆಂಪು: ಚನ್ನಪಟ್ಟಣದ ಲೇತಿನ ಮುಂದೆ

ಬೆಂಗಳೂರಿನಿಂದ ಮೈಸೂರಿನ ಹಳೆ ರಸ್ತೆ ಹಿಡಿದು ಸುಮಾರು 60 ಕಿಲೋಮೀಟರ್ ಬಂದರೆ ಚನ್ನಪಟ್ಟಣ. ಹೊಸ ಎಕ್ಸ್‌ಪ್ರೆಸ್‌ವೇ ಊರನ್ನು ಬಳಸಿಕೊಂಡು ಹೋಗಿಬಿಡುತ್ತದೆ. ಗೊಂಬೆ ಬೇಕಾದವರು ಇಳಿದು ಒಳಗೇ ಬರಬೇಕು. ರಸ್ತೆಬದಿಯ ಅಂಗಡಿಗಳ ತುಂಬ ಬುಗುರಿ, ಗಿಲಕಿ, ತಲೆಯಾಡಿಸುವ ಬೊಂಬೆ. ನಾನು ಹುಡುಕುತ್ತಿದ್ದದ್ದು ಎರಡು ವರ್ಷದ ಮಕ್ಕಳು ಬಣ್ಣಕ್ಕೆ ಬಣ್ಣ ಹೊಂದಿಸಿ ಕಲಿಯಲು ತಕ್ಕ ಮರದ ಸಾಮಾನು. ಅದಕ್ಕೇ ಅಂಗಡಿ ದಾಟಿ ಮೊದಲು ಕುಶಲಕರ್ಮಿಗಳಿರುವ ಕಲಾನಗರದ ಕಡೆಗೆ ನಡೆದೆ.

ಅಲ್ಲಿನ ಕಾರ್ಖಾನೆಯೊಂದರ ಬಾಗಿಲಲ್ಲೇ ಆಲೆ ಮರದ ತುಂಡುಗಳ ರಾಶಿ. ಬೆಳ್ಳಗಿನ, ನವಿರು ಎಳೆಯ ಮರ. ಚೆನ್ನಾಗಿ ಒಣಗಿದ ಮೇಲಷ್ಟೇ ಲೇತಿಗೆ ಏರುತ್ತದೆ. ತಿರುಗುವ ತುಂಡಿಗೆ ಉಳಿ ಕೊಟ್ಟು ಬಳೆಯ ಆಕಾರ ಬರುತ್ತಿದ್ದಂತೆ, ಕುಶಲಕರ್ಮಿ ಬಣ್ಣ ಬೆರೆಸಿದ ಅರಗಿನ ಕಡ್ಡಿಯನ್ನು ಅದಕ್ಕೆ ಒತ್ತಿ ಹಿಡಿದರು. ಉಜ್ಜಿದ ಬಿಸಿಗೇ ಅರಗು ಕರಗಿ ಮರವನ್ನು ಕಚ್ಚಿತು. ಕುಂಚವಿಲ್ಲ, ಡಬ್ಬಿ ಬಣ್ಣವಿಲ್ಲ. ಮೇಲೆ ತಾಳೆಗರಿಯಿಂದ ತೀಡಿದರೆ ಹೊಳಪು. ಹಳದಿಗೆ ಅರಿಸಿನ, ನೀಲಿಗೆ ನೀಲಿ ಗಿಡದ ಬಣ್ಣ ಬಳಸುವವರು ಇಲ್ಲಿದ್ದಾರೆ. ಎಲ್ಲರೂ ಹಾಗೇ ಮಾಡುತ್ತಾರೆಂದು ನಂಬಿ ಕೊಳ್ಳಬೇಡಿ, ಕೇಳಿಯೇ ಕೊಳ್ಳಿ. ಎರಡು ವರ್ಷದ ಮಕ್ಕಳು ಕೈಗೆ ಸಿಕ್ಕಿದ್ದನ್ನೆಲ್ಲ ಬಾಯಿಗಿಡುತ್ತಾರೆ.

ಪಕ್ಕದ ಮಳಿಗೆಯಲ್ಲಿ ಅಜ್ಜಿಯೊಬ್ಬರು ಮೊಮ್ಮಗಳನ್ನು ಕೂರಿಸಿಕೊಂಡಿದ್ದರು. ಮುಂದೆ ಬಣ್ಣಬಣ್ಣದ ಮರದ ಮೊಟ್ಟೆಗಳು. "ಇದ್ಯಾವ ಬಣ್ಣ, ಪುಟ್ಟಾ?" ಯಾವುದನ್ನು ತೋರಿಸಿದರೂ ಮಗು "ಕೆಂಪು" ಅಂತಲೇ ಅನ್ನುತ್ತಿತ್ತು. ಅಜ್ಜಿಗೆ ಬೇಜಾರು. ಆದರೆ ಅವರು ಕೇಳುವುದು ನಿಲ್ಲಿಸಿದ ಮೇಲೆ, ಅದೇ ಮಗು ಹಳದಿಯ ಪಕ್ಕ ಹಳದಿಯನ್ನು, ನೀಲಿಯ ಪಕ್ಕ ನೀಲಿಯನ್ನು ತಾನಾಗಿ ತಂದಿಟ್ಟಿತು. ಕಣ್ಣಿಗೆ ಗೊತ್ತು, ಕೈಗೂ ಗೊತ್ತು. ಹೆಸರು ಮಾತ್ರ ಇನ್ನೂ ನಾಲಿಗೆಗೆ ಬಂದಿಲ್ಲ. ಮನೆಮನೆಯಲ್ಲೂ ನಾವು ಹೆಸರಿನಿಂದಲೇ ಶುರು ಮಾಡಿ, ಮಗುವಿಗೆ ಬಣ್ಣವೇ ತಿಳಿಯದೆಂದು ತೀರ್ಮಾನಿಸಿಬಿಡುತ್ತೇವೆ. ಇದು ನನಗೆ ನಿಜಕ್ಕೂ ಸಂಕಟದ ವಿಷಯ.

1907ರಲ್ಲಿ ರೋಮಿನ ಬಡ ಬಡಾವಣೆ ಸ್ಯಾನ್ ಲೊರೆಂಜೊದಲ್ಲಿ ಮಕ್ಕಳ ಮನೆ ತೆರೆದ ಮರಿಯಾ ಮಾಂಟೆಸ್ಸೊರಿ ಈ ಕ್ರಮವನ್ನು ಸರಿಪಡಿಸಿದ್ದರು. 1939ರಲ್ಲಿ ಮದರಾಸಿಗೆ ಬಂದು ಶಿಕ್ಷಕರಿಗೆ ತರಬೇತಿ ಕೊಟ್ಟವರೂ ಅವರೇ. ಅವರ ಪದ್ಧತಿಯ ಮೊದಲ ಬಣ್ಣದ ಪೆಟ್ಟಿಗೆಯಲ್ಲಿರುವುದು ಆರೇ ಹಲಗೆ: ಕೆಂಪು, ಹಳದಿ, ನೀಲಿ, ಒಂದೊಂದಕ್ಕೂ ಒಂದು ಜೋಡಿ. ಅಳತೆ ಒಂದೇ, ಆಕಾರ ಒಂದೇ, ಬೇರೆಯಾದದ್ದು ಬಣ್ಣ ಮಾತ್ರ. ಮೊದಲು ಮಗು ಸುಮ್ಮನೆ ಜೋಡಿ ಮಾಡುತ್ತದೆ. ಅದು ಕೂಡಿಬಂದ ಮೇಲೆ "ಇದು ಕೆಂಪು", ಆಮೇಲೆ "ಕೆಂಪು ಯಾವುದು, ಕೊಡು", ಕೊನೆಗಷ್ಟೇ "ಇದು ಯಾವ ಬಣ್ಣ?". ಅಜ್ಜಿ ಕೊನೆಯ ಪ್ರಶ್ನೆಯನ್ನೇ ಮೊದಲು ಕೇಳಿದ್ದರು.

ಅಂಗಡಿಯಲ್ಲಿ ಹೆಚ್ಚು ಮಾರಾಟವಾಗುವ, ಕೋಲಿಗೆ ಪೋಣಿಸುವ ಬಳೆಗಳ ಆಟಿಕೆಯನ್ನು ಈ ಕಣ್ಣಿನಿಂದ ನೋಡಿದೆ. ಒಳ್ಳೆಯ ಆಟಿಕೆಯೇ. ಆದರೆ ಪ್ರತಿ ಬಳೆಯ ಬಣ್ಣವೂ ಬೇರೆ, ಗಾತ್ರವೂ ಬೇರೆ. ಮಗು ದೊಡ್ಡದು ಚಿಕ್ಕದು ನೋಡಿ ಪೋಣಿಸಿದರೆ ನಾವು ಬಣ್ಣ ಕಲಿಯಿತೆಂದು ಹಿಗ್ಗುತ್ತೇವೆ.

ಮತ್ತೆ ಕಾರ್ಖಾನೆಗೆ ಹೋಗಿ ಕೇಳಿದೆ: ಒಂದೇ ಗಾತ್ರದ ಆರು ಬಳೆ, ಎರಡೆರಡು ಒಂದೊಂದು ಬಣ್ಣ, ಮಗುವಿನ ಬಾಯಿಗೆ ತುರುಕಲಾಗದಷ್ಟು ದೊಡ್ಡವು, ಆಗುತ್ತದೆಯೇ?

"ಆಗದೇನು ಸಾರ್? ಇವತ್ತಿನ ಕೆಂಪು ನಾಳೆ ಬೆರೆಸಿದ್ರೆ ಚೂರು ಬೇರೆ ಆಗುತ್ತೆ. ಒಂದೇ ಕಡ್ಡೀಲಿ ಜೋಡಿ ಎರಡಕ್ಕೂ ಹಚ್ಚಿಬಿಡ್ತೀನಿ."

ನಾವು ಗಮನಿಸದ ಆ ಚೂರು ವ್ಯತ್ಯಾಸ ಬಣ್ಣಗಳೊಂದಿಗೇ ಆಡುತ್ತ ಬೆಳೆದ ಮಗುವಿಗೆ ಮುಂದೆ ಕಾಣುತ್ತದೆ. ಅದಕ್ಕೆಂದೇ ಮಾಂಟೆಸ್ಸೊರಿಯ ಮೂರನೆಯ ಬಣ್ಣದ ಪೆಟ್ಟಿಗೆಯಲ್ಲಿ ಒಂಬತ್ತು ಬಣ್ಣಗಳ ಏಳೇಳು ಛಾಯೆಗಳಿವೆ, ಒಟ್ಟು 63 ಹಲಗೆ. ಅಲ್ಲಿಯವರೆಗೆ ಮೂರು ಜೋಡಿ ಸಾಕು. ಟ್ಯೂಬ್‌ಲೈಟಿನ ಕೆಳಗೆ ಬೇಡ, ಕಿಟಕಿಯ ಬೆಳಕಿರುವ ಕಡೆ ಚಾಪೆ ಹಾಸಿ ಕೂರಿಸಿ. ತಪ್ಪಾಗಿ ಇಟ್ಟರೆ ತಿದ್ದಲು ಹೋಗದೆ, ನೀವೇ ಒಂದು ಜೋಡಿ ನಿಧಾನವಾಗಿ ಹೊಂದಿಸಿ ತೋರಿಸಿ. ಮಗು ನೋಡುತ್ತಿರುತ್ತದೆ.