ಸೇತುವೆಗ್ಯಾಕೋ ಸೂರು?

ಅಮೆರಿಕದಲ್ಲಿರೋ ಮಗನ ಮನೆಗೆ ಹೋಗಿದ್ದಾಗ, ಒಂದು ಭಾನುವಾರ ವರ್ಮಾಂಟ್ ರಾಜ್ಯದ ಬಾರ್ಟನ್ಸ್‌ವಿಲ್ ಅನ್ನೋ ಹಳ್ಳಿಗೆ ಕರೆದುಕೊಂಡು ಹೋದ. ವಿಲಿಯಮ್ಸ್ ನದಿಗೆ ಅಡ್ಡವಾಗಿ ಉದ್ದನೆಯ ಮರದ ಕೊಟ್ಟಿಗೆ ನಿಂತ ಹಾಗಿತ್ತು. ಕಾರು ಸೀದಾ ಅದರೊಳಗೇ ನುಗ್ಗಿತು!

"ಸೇತುವೆಗ್ಯಾಕೋ ಸೂರು? ದಾಟೋರು ನೆನೀಬಾರದು ಅಂತಲಾ?"

"ಜನ ನೆನೆದ್ರೆ ಒಣಗ್ತಾರಮ್ಮ, ತೊಲೆ ನೆನೆದ್ರೆ ಕೊಳೆಯತ್ತೆ" ಅಂದ.

ಹೌದಲ್ಲ! ಮಲೆನಾಡಿನ ನನ್ನ ತವರಲ್ಲಿ ಅಡಿಕೆ ಮರದ ಕಾಲುಸಂಕ ಎರಡು ಮಳೆಗಾಲ ಕಂಡರೆ ಹೆಚ್ಚು. ಇಲ್ಲಿ ಮಾಡು, ಗೋಡೆ ಹಾಕಿದ ಸೇತುವೆಗಳು ನೂರು ವರ್ಷ ದಾಟಿವೆ. ಒಳಗೆ ಹಲಗೆಗಳನ್ನು ಓರೆಯಾಗಿ, ಬುಟ್ಟಿ ಹೆಣೆದ ಹಾಗೆ ಜೋಡಿಸಿ ಮರದ ಗೂಟ ಬಡಿದಿದ್ದಾರೆ. ಇಥೀಲ್ ಟೌನ್ ಎಂಬಾತ 1820ರಲ್ಲಿ ಪೇಟೆಂಟ್ ಪಡೆದ ವಿನ್ಯಾಸವಿದು. ನನಗೆ ಮಜಾ ಅನ್ನಿಸಿದ್ದು ಇನ್ನೊಂದು. ಹಿಮದ ಮೇಲೆ ಜಾರುವ ಗಾಡಿಗಳ ಕಾಲದಲ್ಲಿ, ಸೂರಿನಡಿ ಹಿಮ ಬೀಳೋಲ್ಲವಲ್ಲ, ಹೊರಗಿನದನ್ನು ತಂದು ಒಳಗೆ ಹರವುತ್ತಿದ್ದರಂತೆ!

"ಎಷ್ಟು ಹಳೇದೋ?" ಗೋಡೆ ಸವರುತ್ತಾ ಕೇಳಿದೆ.

"2012ರಲ್ಲಿ ಕಟ್ಟಿದ್ದು."

ಕೈ ಹಿಂದಕ್ಕೆ ತಗೊಂಡೆ. ನಿಜವಾದ ಸೇತುವೆ 1870ರದು, ಸ್ಯಾನ್‌ಫರ್ಡ್ ಗ್ರೇಂಜರ್ ಕಟ್ಟಿದ್ದು, 151 ಅಡಿ ಉದ್ದ. 2011ರ ಆಗಸ್ಟ್ 28ರಂದು ಐರೀನ್ ಚಂಡಮಾರುತದ ಪ್ರವಾಹ ಅದನ್ನು ಕೊಚ್ಚಿಕೊಂಡು ಹೋಯಿತು. ಯಾರೋ ತೆಗೆದ ವಿಡಿಯೊವನ್ನು ಮಗ ಫೋನಿನಲ್ಲಿ ತೋರಿಸಿದ. ಇಡೀ ಮನೆಯೇ ನೀರಿಗಿಳಿದ ಹಾಗಿದೆ. ಎರಡನೇ ಸಲ ನೋಡಲಾಗಲಿಲ್ಲ ನನಗೆ.

ಕಾಂಕ್ರೀಟ್ ಸುರಿದು ಕೈತೊಳೆದುಕೊಳ್ಳಬಹುದಿತ್ತು. ಊರಿನವರು ಒಪ್ಪಲಿಲ್ಲ. ಅದೇ ಹೆಣಿಗೆ, ಅದೇ ಸೂರು ಬೇಕು ಅಂದರು. ವಿಮೆ ಇತ್ತು, ಚಂದಾನೂ ಎತ್ತಿದರು. 2013ರ ಜನವರಿಯಲ್ಲಿ ಹೊಸದು ಸಂಚಾರಕ್ಕೆ ತೆರೆಯಿತು.

"ಹಾಗಾದ್ರೆ ಇದು ಡೂಪ್ಲಿಕೇಟು ಅನ್ನು!"

"ಆ 1870ರದ್ದೂ 1869ರ ಪ್ರವಾಹ ಆದ್ಮೇಲೆ ಕಟ್ಟಿದ್ದೇ ಅಮ್ಮ."

ಬಾಯಿ ಮುಚ್ಚಿಕೊಂಡೆ. ಆದರೂ ಮನಸ್ಸು ಪೂರ್ತಿ ಒಪ್ಪಲಿಲ್ಲ. ನೂರನಲವತ್ತು ವರ್ಷ ಜನ ತುಳಿದ ಹಲಗೆಯನ್ನು ಯಾವ ಬಡಗಿ ತಾನೇ ಮಾಡಿಕೊಟ್ಟಾನು? ನಮ್ಮ ತವರಿನ ಸಂಕದ ಜಾಗದಲ್ಲೀಗ ಸಿಮೆಂಟಿನದು ಬಂದಿದೆ. ಅದಕ್ಕೆ ಬೇಜಾರಿಲ್ಲ, ಮಳೆಯಲ್ಲಿ ಜಾರುವ ಸಂಕದ ಮೇಲೆ ಸ್ಲೇಟು ಹಿಡಿದು ನಡುಗಿದವಳು ನಾನೇ. ಆದರೆ ಸಂಕ ಕಟ್ಟೋದನ್ನು ಬಲ್ಲವರು ಅಪ್ಪನೇ ಕೊನೆ. ಅಣ್ಣನಿಗೆ ಬರೋಲ್ಲ. ಇಲ್ಲಿ ಹಾಗಾಗಲಿಲ್ಲವಲ್ಲ!

ವಾಪಸು ಬರುವಾಗ ಕಾರು ಆಚೆ ದಡದಲ್ಲಿ ನಿಲ್ಲಿಸು ಅಂತ ಮಗನಿಗೆ ಹೇಳಿ, ಹಲಗೆ ಗೋಡೆ ಸವರಿಕೊಂಡು ನಡೆದೇ ದಾಟಿದೆ.