ಭೂಪಿಂದರ್ ಸಿಂಗ್: ದಂತಕಥೆಗಳು ಮುಚ್ಚಿಟ್ಟ ಪಟಿಯಾಲ

ಶಿಮ್ಲಾ ಬಳಿಯ ಚೈಲ್‌ಗೆ ಹೋದವರಿಗೆಲ್ಲ ಒಂದು ಪ್ರೇಮಕಥೆ ಹೇಳುತ್ತಾರೆ. ಪಟಿಯಾಲದ ಮಹಾರಾಜ ಭೂಪಿಂದರ್ ಸಿಂಗ್ ಸೇನಾ ದಂಡನಾಯಕ ಲಾರ್ಡ್ ಕಿಚನರ್‌ನ ಮಗಳಿಗೆ ಮನಸೋತನಂತೆ. ಅವನು ಶಿಮ್ಲಾಕ್ಕೆ ಕಾಲಿಡಕೂಡದೆಂದು ಬ್ರಿಟಿಷರು ತಡೆದಾಗ, ಹಟಕ್ಕೆ ಬಿದ್ದು ಚೈಲ್‌ನಲ್ಲಿ ತನ್ನದೇ ಬೇಸಿಗೆ ರಾಜಧಾನಿ ಕಟ್ಟಿದನಂತೆ.

ಇಸವಿಗಳನ್ನು ಜೋಡಿಸಿದರೆ ಈ ಕಥೆ ನಿಲ್ಲುವುದಿಲ್ಲ. ಕಿಚನರ್ ಮದುವೆಯೇ ಆದವನಲ್ಲ. ಅವನು ದಂಡನಾಯಕನಾಗಿ ಭಾರತಕ್ಕೆ ಬಂದದ್ದು 1902ರಲ್ಲಿ. 1891ರಲ್ಲಿ ಹುಟ್ಟಿದ ಭೂಪಿಂದರ್ ಆಗಿನ್ನೂ ಹುಡುಗ. ಕಥಾನಾಯಕ ಅವನಲ್ಲ, ತಂದೆ ರಾಜಿಂದರ್ ಸಿಂಗ್ ಎಂದು ತಿದ್ದಿ ಹೇಳುವವರೂ ಇದ್ದಾರೆ. ಆದರೆ ರಾಜಿಂದರ್ 1900ರಲ್ಲೇ ತೀರಿಕೊಂಡಿದ್ದ. ಒಂಬತ್ತರ ಬಾಲಕನಿಗೆ ಪಟ್ಟ ಬಂದದ್ದೂ ಅದಕ್ಕೇ. ಅವನು ಪ್ರಾಯಕ್ಕೆ ಬರುವವರೆಗೆ ರಾಜ್ಯ ನಡೆಸಿದ್ದು ರೀಜೆನ್ಸಿ ಮಂಡಳಿ.

ರೋಲ್ಸ್ ರಾಯ್ಸ್ ಕಾರುಗಳಲ್ಲಿ ಕಸ ಹೊರಿಸಿದ ಎಂಬ ಮಾತೂ ಹಾಗೆಯೇ. ಅದನ್ನು ಅಲ್ವರ್ ರಾಜನ ಮೇಲೂ ಹೇಳುತ್ತಾರೆ, ಬೇರೆ ರಾಜರ ಮೇಲೂ ಹೇಳುತ್ತಾರೆ.

ಕ್ರಿಕೆಟ್ಟಿನ ವಿಷಯಕ್ಕೆ ಬಂದರೆ ಎರಡು ತಪ್ಪು ತಿಳಿವಳಿಕೆಗಳಿವೆ. ಒಂದು, ಭಾರತವನ್ನು ಗೆಲುವಿನತ್ತ ನಡೆಸಿದ ಮೊದಲ ನಾಯಕ ಇವನೆಂಬುದು. 1911ರಲ್ಲಿ ಇಂಗ್ಲೆಂಡಿಗೆ ಹೋದ ತಂಡಕ್ಕೆ ಹತ್ತೊಂಬತ್ತರ ಭೂಪಿಂದರ್ ನಾಯಕನಾಗಿದ್ದ, ನಿಜ. ಆದರೆ ಅವನು ಆಡಿದ ಪಂದ್ಯಗಳು ಕೆಲವೇ, ಔತಣಕೂಟಗಳೇ ಹೆಚ್ಚು. ಪ್ರವಾಸದುದ್ದಕ್ಕೂ ತಂಡದ ಮಾನ ಕಾಪಾಡಿದವರು ನೂರಕ್ಕೂ ಹೆಚ್ಚು ವಿಕೆಟ್ ಕಿತ್ತ ದಲಿತ ಬೌಲರ್ ಪಲವಂಕರ್ ಬಾಲು. ಅವರು ಹುಟ್ಟಿದ್ದು ನಮ್ಮ ಧಾರವಾಡದಲ್ಲಿ. ನಾಯಕನ ಹೆಸರಿನ ಜೊತೆ ಅವರ ಹೆಸರೂ ನಮ್ಮ ಮಕ್ಕಳಿಗೆ ಗೊತ್ತಿರಬೇಕಿತ್ತು.

ಎರಡನೆಯದು, ರಣಜಿ ಟ್ರೋಫಿಯನ್ನು ರಣಜಿತ್‌ಸಿಂಹಜಿಯೇ ಕೊಟ್ಟರೆಂಬುದು. ಅವರು 1933ರಲ್ಲಿ ನಿಧನರಾದರು. ಮರುವರ್ಷ ಅವರ ನೆನಪಿಗೆ ಟ್ರೋಫಿ ಕೊಟ್ಟವನು ಭೂಪಿಂದರ್ ಸಿಂಗ್. ಆ ಕೀರ್ತಿ ನ್ಯಾಯವಾಗಿ ಅವನಿಗೇ ಸಲ್ಲಬೇಕು. 1934ರ ನವೆಂಬರ್‌ನಲ್ಲಿ ಚೆಪಾಕ್‌ನಲ್ಲಿ ನಡೆದ ಮೊದಲ ಪಂದ್ಯದಲ್ಲಿ ನಮ್ಮ ಮೈಸೂರು ತಂಡ ಒಂದೇ ದಿನದಲ್ಲಿ ಮದ್ರಾಸಿಗೆ ಸೋತಿತು.

ಎಲ್ಲಕ್ಕಿಂತ ದೊಡ್ಡ ತಪ್ಪು ಕಲ್ಪನೆ, ಅವನು ಬರೀ ಶೋಕಿಯ, ಉದಾರಿ ದೊರೆ ಎಂಬುದು. ಪ್ಯಾರಿಸ್ಸಿನ ಕಾರ್ಟಿಯೆ ಸಂಸ್ಥೆ 1928ರಲ್ಲಿ ಮಾಡಿಕೊಟ್ಟ ವಜ್ರದ ಹಾರದ ಬಗ್ಗೆ ಪುಟಗಟ್ಟಲೆ ಬರೆಯುವವರು ಅದೇ ವರ್ಷ ಹುಟ್ಟಿದ, ಸಂಸ್ಥಾನಗಳ ಪ್ರಜೆಗಳ ಪರ ಹೋರಾಡಿದ ಪಂಜಾಬ್ ರಿಯಾಸತಿ ಪ್ರಜಾಮಂಡಲವನ್ನು ಮರೆಯುತ್ತಾರೆ. 1930ರಲ್ಲಿ ಅಖಿಲ ಭಾರತ ಸಂಸ್ಥಾನ ಪ್ರಜಾ ಪರಿಷತ್ತು ಪಟಿಯಾಲದ ಆಳ್ವಿಕೆಯ ಮೇಲೆ ಘೋರ ಆರೋಪಗಳ ವರದಿಯನ್ನೇ ಪ್ರಕಟಿಸಿತು. ವಿಚಾರಣೆ ನಡೆಸಿದ ಬ್ರಿಟಿಷ್ ಅಧಿಕಾರಿ ಫಿಟ್ಜ್‌ಪ್ಯಾಟ್ರಿಕ್ ಮಹಾರಾಜನನ್ನು ದೋಷಮುಕ್ತಗೊಳಿಸಿದ. ಪ್ರಜಾಮಂಡಲದ ಮುಂದಾಳು ಸೇವಾ ಸಿಂಗ್ ಠೀಕ್ರಿವಾಲಾ ಮಾತ್ರ ಮತ್ತೆ ಮತ್ತೆ ಸೆರೆಮನೆ ಸೇರಿದರು. ರಣಜಿ ಟ್ರೋಫಿಯ ಮೊದಲ ಋತು ಇನ್ನೂ ಮುಗಿದಿರಲಿಲ್ಲ. 1935ರ ಜನವರಿಯಲ್ಲಿ, ಪಟಿಯಾಲದ ಜೈಲಿನಲ್ಲಿ, ಉಪವಾಸ ಹೂಡಿದ್ದ ಅವರು ಪ್ರಾಣಬಿಟ್ಟರು.